ನವನಗರದಲ್ಲಿ ಮನೆ, ನ್ಯೂಯಾರ್ಕಿನ ಗಡಿಯಾರ

ಪ್ರತಿ ವರ್ಷ ನವೆಂಬರ್ ಮೊದಲ ಭಾನುವಾರ ಅಮೆರಿಕದವರು ಗಡಿಯಾರವನ್ನು ಒಂದು ಗಂಟೆ ಹಿಂದಕ್ಕೆ ತಿರುಗಿಸುತ್ತಾರೆ. ಮಾರ್ಚ್ ಎರಡನೇ ಭಾನುವಾರ ಮತ್ತೆ ಮುಂದಕ್ಕೆ. ಅವರು ಅಲ್ಲಿ ಮುಳ್ಳು ತಿರುಗಿಸಿದರೆ ಹುಬ್ಬಳ್ಳಿಯ ನವನಗರದಲ್ಲಿ ನಮ್ಮ ಮನೆಯ ರಾತ್ರಿ ಊಟದ ಹೊತ್ತು ಬದಲಾಗುತ್ತಿತ್ತು. ನ್ಯೂಯಾರ್ಕಿನ ಬೆಳಗಿನ 9 ಗಂಟೆ ಅಂದರೆ ಬೇಸಿಗೆಯಲ್ಲಿ ನಮಗೆ ಸಂಜೆ 6:30, ಚಳಿಗಾಲದಲ್ಲಿ 7:30. ನನ್ನ ಲಾಗಿನ್ ಅದಕ್ಕೆ ತಕ್ಕ ಹಾಗೆ. ನನ್ನ ಮಗನಿಗೆ ಡೇಲೈಟ್ ಸೇವಿಂಗ್ ಅಂದರೆ ಏನು ಅಂತ ಶಾಲೆಯಲ್ಲಿ ಕಲಿಸುವ ಮೊದಲೇ ಗೊತ್ತಿತ್ತು.

ಕಂಪನಿ ಬೆಂಗಳೂರಿನದು. ಹೆಸರು ಬೇಡ. ಅಮೆರಿಕದ ಗ್ರಾಹಕರ ಬಿಲ್ಲಿಂಗ್ ಸಾಫ್ಟ್‌ವೇರ್ ಕೆಟ್ಟಾಗ ಟಿಕೆಟ್, ಅಂದರೆ ದೂರು, ಬರುತ್ತದೆ, ನಮ್ಮ ತಂಡ ಅದನ್ನು ಸರಿ ಮಾಡುತ್ತದೆ. ನಾನು ಶಿಫ್ಟ್ ಲೀಡ್, ಅಂದರೆ ಒಂದು ಪಾಳಿಯ ತಂಡವನ್ನು ನೋಡಿಕೊಳ್ಳುವವಳು. 2020ರ ಲಾಕ್‌ಡೌನ್‌ನಲ್ಲಿ ಲ್ಯಾಪ್‌ಟಾಪ್ ಹಿಡಿದುಕೊಂಡು ಊರಿಗೆ ಬಂದವಳು ವಾಪಸ್ ಹೋಗಲೇ ಇಲ್ಲ. ಬೆಂಗಳೂರಿನ ಬಾಡಿಗೆ ಉಳಿಯಿತು, ಟ್ರಾಫಿಕ್ ತಪ್ಪಿತು, ಗಂಡನಿಗೆ ಧಾರವಾಡದ ಬ್ಯಾಂಕಿಗೆ ವರ್ಗ ಸಿಕ್ಕಿತು. ಎಲ್ಲರೂ ‘ನೀನು ಪುಣ್ಯವಂತೆ’ ಅಂದರು. ಮೊದಲ ಎರಡು ವರ್ಷ ನಾನೂ ಹಾಗೇ ಅಂದುಕೊಂಡಿದ್ದೆ. ಸುಳ್ಳೇನಲ್ಲ, ಆಗ ಚೆನ್ನಾಗಿಯೇ ಇತ್ತು.

ಕಷ್ಟ ಶುರುವಾದದ್ದು ರಾತ್ರಿ ಕೆಲಸದಿಂದ ಅಲ್ಲ. ರಾತ್ರಿ ಕೆಲಸಕ್ಕೆ ಹಗಲಿನ ಮೀಟಿಂಗ್ ಅಂಟಿಕೊಂಡಾಗ. ನಮ್ಮ ಮ್ಯಾನೇಜರ್ ಬೆಂಗಳೂರಿನಲ್ಲಿ ಹಗಲು ಕೆಲಸ ಮಾಡುವವರು. ಅವರಿಗೆ ಬೆಳಗ್ಗೆ 11:30ಕ್ಕೆ ನಿನ್ನೆ ರಾತ್ರಿಯ ವರದಿ ಬೇಕು. ‘ಅರ್ಧ ಗಂಟೆ ಅಷ್ಟೇ’ ಅಂತ ಶುರುವಾಯಿತು. ಅದರ ಹಿಂದೆ ರಿವ್ಯೂ ಬಂತು, ರಿವ್ಯೂ ಹಿಂದೆ ಹೊಸಬರ ತರಬೇತಿ ಬಂತು. ಬೆಳಗಿನ 3:30ಕ್ಕೆ ಲಾಗ್ಔಟ್ ಮಾಡಿ, ಸುಮ್ನೆ ಸೂರು ನೋಡುತ್ತಾ ಮಲಗಿ, ನಿದ್ದೆ ಹತ್ತುವ ಹೊತ್ತಿಗೆ ಹಾಲಿನವನು. ಆಮೇಲೆ ಪಾಲಿಕೆಯ ಕಸದ ಗಾಡಿಯ ಹಾಡು. ಅದಾದ ಮೇಲೆ ‘ಉಳ್ಳಾಗಡ್ಡಿ, ಬಟಾಟಿ’ ಅಂತ ಸ್ಪೀಕರ್ ಹಾಕಿಕೊಂಡು ಬರುವ ಟೆಂಪೋ. ಹಗಲು ಮಲಗುವವರಿಗೆ ಇಡೀ ಓಣಿ ವಿರೋಧ ಪಕ್ಷ.

ಜೊತೆಗೆ ಮನೆಯಲ್ಲೇ ಇದ್ದೇನಲ್ಲ! ಪಕ್ಕದ ಮನೆಯ ಸಿಲಿಂಡರ್ ತೆಗೆದುಕೊಳ್ಳುವುದು, ಎದುರು ಮನೆಯ ಕೊರಿಯರ್‌ಗೆ ಸಹಿ ಹಾಕುವುದು, ನೆಂಟರು ಬಂದರೆ ಚಹಾ. ‘ಮನ್ಯಾಗ ಕುಂತು ಕೆಲಸ ಮಾಡಾಕಿ, ನಿನಗ ಎಂಥಾ ದಣಿವು?’ ಅಂತ ನಮ್ಮ ಸೋದರತ್ತೆ ಕೇಳಿದಾಗ ನನ್ನ ಹತ್ತಿರ ಉತ್ತರ ಇರಲಿಲ್ಲ. ಆಫೀಸಿನಲ್ಲಿ ರಾತ್ರಿ ಪಾಳಿ ಮಾಡುವ ಹೆಂಗಸರಿಗೆ ಕಂಪನಿ ಕ್ಯಾಬ್ ಕೊಡಬೇಕು, ಭದ್ರತೆ ಕೊಡಬೇಕು ಅಂತ ಕರ್ನಾಟಕದ ನಿಯಮವಿದೆ. ಮನೆಯಲ್ಲಿ ಕೂತು ರಾತ್ರಿ ಪಾಳಿ ಮಾಡುವವಳಿಗೆ ಏನು ಬೇಕಾಗುತ್ತದೆ ಅಂತ ಯಾರೂ ಯೋಚಿಸಿದಂತಿಲ್ಲ.

ಬದಲಾವಣೆಯನ್ನು ಮೊದಲು ಗಮನಿಸಿದ್ದು ನಮ್ಮ ಅತ್ತೆ. ಅಣ್ಣಿಗೇರಿಯವರು, ಮಾತು ಕಡಿಮೆ. ಒಂದು ದಿನ ಹಾಲು ಉಕ್ಕಿ ಒಲೆಯ ಮೇಲೆಲ್ಲ ಹರಿಯುತ್ತಿತ್ತು. ನಾನು ಎದುರಿಗೇ ನಿಂತಿದ್ದೆ. ಅವರು ಬಂದು ಗ್ಯಾಸ್ ಆರಿಸಿ, ‘ನೋಡಿಕೋತ ನಿಂತಿದ್ದಿ, ಆದ್ರ ನೋಡ್ಲಿಲ್ಲ. ಡಾಕ್ಟರ್‌ಗೆ ತೋರಿಸ್ಕೋ’ ಅಂದರು. ಬೇರೆ ಸಂಗತಿಗಳೂ ಇದ್ದವು. ವಾರದ ರಜೆಯ ದಿನವೂ ನಿದ್ದೆ ಬರುತ್ತಿರಲಿಲ್ಲ. ಲ್ಯಾಪ್‌ಟಾಪ್ ಮುಚ್ಚಿದ್ದರೂ ಮೆಸೇಜಿನ ಟಿಣ್ ಶಬ್ದ ಕೇಳಿದಂತಾಗುತ್ತಿತ್ತು. ಗ್ರಾಹಕರ ಮೇಲ್ ಓದುವಾಗ ಒಳಗಿಂದ ಒಂದು ಥರದ ತಿರಸ್ಕಾರ ಬರುತ್ತಿತ್ತು. ಮೊದಲು ನಾನು ಹಾಗಿರಲಿಲ್ಲ. ಕೆಲಸ ಇಷ್ಟಪಟ್ಟು ಮಾಡಿದವಳು.

ಹುಬ್ಬಳ್ಳಿಯ ನಮ್ಮ ಖಾಯಂ ಡಾಕ್ಟರ್ ಮೊದಲು ರಕ್ತ ಪರೀಕ್ಷೆ ಬರೆದರು. ಹಿಮೋಗ್ಲೋಬಿನ್, ಥೈರಾಯ್ಡ್, ಬಿ12, ವಿಟಮಿನ್ ಡಿ. ಇದನ್ನು ಯಾರೂ ಬಿಡಬಾರದು ಅಂತ ನನಗೆ ಈಗ ಅನಿಸುತ್ತದೆ. ಥೈರಾಯ್ಡ್ ಕಡಿಮೆಯಾದರೂ, ಬಿ12 ಕಡಿಮೆಯಾದರೂ ಸುಸ್ತು, ಮರೆವು, ಮಂಕು ಎಲ್ಲಾ ಬರುತ್ತದೆ. ಮಾಂಸ, ಮೊಟ್ಟೆ ತಿನ್ನದವರಲ್ಲಿ ಬಿ12 ಕೊರತೆ ಸಾಮಾನ್ಯ. ನನಗೂ ಕಡಿಮೆಯೇ ಇತ್ತು. ಇಂಜೆಕ್ಷನ್ ಆಯಿತು. ಕಾಲು ಜುಮುಗುಡುವುದು ನಿಂತಿತು, ಮನಸ್ಸು ಮಾತ್ರ ಅಲ್ಲೇ ಇತ್ತು. ಆಗ ಅವರು ‘ನಿದ್ದಿ ಎಷ್ಟೊತ್ತಿಗೆ ಮಾಡ್ತೀರಿ?’ ಅಂತ ಕೇಳಿದರು. ನಾನು ಹೇಳುತ್ತಾ ಹೋದೆ. ಕೇಳಿ, ‘ಧಾರವಾಡಕ್ಕ ಹೋಗಿ ಬರ್‍ರಿ’ ಅಂದರು.

ನಮ್ಮ ಕಡೆಯವರಿಗೆ ಈ ಮಾತು ಬಿಡಿಸಿ ಹೇಳಬೇಕಿಲ್ಲ. ‘ಇವನ್ನ ಧಾರವಾಡಕ್ಕ ಕಳಸ್ಬೇಕು’ ಅಂತ ಬೈಯುವುದನ್ನು ಕೇಳಿಯೇ ಬೆಳೆದಿದ್ದೇವೆ. ಬ್ರಿಟಿಷರ ಕಾಲದಿಂದ ಅಲ್ಲಿ ಮಾನಸಿಕ ಆಸ್ಪತ್ರೆ ಇದೆ. ಈಗ ಅದು ಡಿಮ್ಹಾನ್ಸ್, ಅಂದರೆ ಧಾರವಾಡ ಮಾನಸಿಕ ಆರೋಗ್ಯ ಮತ್ತು ನರವಿಜ್ಞಾನ ಸಂಸ್ಥೆ. ಸರ್ಕಾರಿ ಸಂಸ್ಥೆ. ಗೊತ್ತಿದ್ದರೂ ಹೋಗಲು ಧೈರ್ಯ ಬರಲಿಲ್ಲ. ಅದಕ್ಕೆ ಮೊದಲು ಫೋನ್ ಮಾಡಿದೆ. ಟೆಲಿ-ಮಾನಸ್ ಅಂತ ಕೇಂದ್ರ ಸರ್ಕಾರದ ಸಹಾಯವಾಣಿ ಇದೆ, ನಂಬರ್ 14416. 2022ರ ಅಕ್ಟೋಬರ್‌ನಲ್ಲಿ ಶುರುವಾದದ್ದು. ಹಗಲು ರಾತ್ರಿ ಇರುತ್ತದೆ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು. ಹಗಲು ರಾತ್ರಿ ಇರುವುದು ನನ್ನಂಥವರಿಗೆ ದೊಡ್ಡ ಅನುಕೂಲ. ಶಿಫ್ಟ್ ಮುಗಿಸಿ, ಎಲ್ಲರೂ ಮಲಗಿರುವಾಗ, ಮಹಡಿಯ ಮೇಲೆ ಹೋಗಿ ಮಾತಾಡಿದೆ. ಆ ಕಡೆಯ ಹುಡುಗಿ ಉಪದೇಶ ಮಾಡಲಿಲ್ಲ. ಪ್ರಶ್ನೆ ಕೇಳಿದಳು, ಕೇಳಿಸಿಕೊಂಡಳು. ಕೊನೆಗೆ ‘ನೀವು ಡಾಕ್ಟರನ್ನು ಒಮ್ಮೆ ಭೇಟಿಯಾದರೆ ಒಳ್ಳೆಯದು’ ಅಂದಳು. ಇಬ್ಬರು ಒಂದೇ ಮಾತು ಹೇಳಿದ ಮೇಲೆ ಹೊರಟೆ.

ನವನಗರದಿಂದ ಚಿಗರಿ ಬಸ್ ಹತ್ತಿದರೆ ಧಾರವಾಡ ದೂರವಲ್ಲ. ಎಸಿ ಬಸ್ಸು, ಅದಕ್ಕೇ ಅಂತ ಬೇರೆ ದಾರಿ, ಎರಡೂ ಊರನ್ನು ಹೆಣೆಯುವ 22 ಕಿಲೋಮೀಟರ್. ಗಂಡ ರಜೆ ಹಾಕಿ ಬರುತ್ತೇನೆ ಅಂದರು. ಬೇಡ ಅಂದೆ. ಬಂದಿದ್ದರೆ ಒಳ್ಳೆಯದಿತ್ತು ಅಂತ ಅಲ್ಲಿ ಹೋದ ಮೇಲೆ ತಿಳಿಯಿತು. ಯಾಕಂದರೆ ಅಲ್ಲಿ ಬಂದ ಪ್ರತಿಯೊಬ್ಬರ ಜೊತೆ ಯಾರೋ ಒಬ್ಬರಿದ್ದರು. ಗದಗ, ಹಾವೇರಿ, ಬಾಗಲಕೋಟೆ ಕಡೆಯಿಂದ ಬೆಳಗಿನ ಬಸ್ಸಿಗೆ ಬಂದವರು. ರೊಟ್ಟಿ ಗಂಟು, ನೀರಿನ ಬಾಟಲಿ, ಹಳೆಯ ಚೀಟಿಗಳ ಪ್ಲಾಸ್ಟಿಕ್ ಚೀಲ. ಹುಚ್ಚರ ನಡುವೆ ಕೂರಬೇಕಾಗುತ್ತದೆ ಅಂತ ಹೆದರಿದ್ದ ನನಗೆ ಅದು ಯಾವುದೇ ಸರ್ಕಾರಿ ಆಸ್ಪತ್ರೆಯ ಒಪಿಡಿಯಂತೆಯೇ ಕಂಡಿತು. ಪಕ್ಕದಲ್ಲಿ ಕೂತ ಅಜ್ಜಿ, ‘ನೀ ಯಾರನ್ನ ಕರಕೊಂಡು ಬಂದೀ?’ ಅಂತ ಕೇಳಿದಳು. ‘ನನ್ನನ್ನೇ’ ಅಂದೆ. ಅವಳಿಗೆ ಆಶ್ಚರ್ಯವೇನೂ ಆಗಲಿಲ್ಲ.

ಚೀಟಿ ಮಾಡಿಸಿ ಕಾದ ಮೇಲೆ ಒಬ್ಬ ಕಿರಿಯ ವೈದ್ಯೆ ಒಳಗೆ ಕರೆದರು. ನಾನು ಐದು ನಿಮಿಷದ ಮಾತು ಅಂದುಕೊಂಡಿದ್ದೆ. ಅವರು ಬರೆಯುತ್ತಲೇ ಇದ್ದರು. ಊಟ, ನಿದ್ದೆ, ತೂಕ, ಮುಟ್ಟು, ಮನೆಯಲ್ಲಿ ಯಾರಿಗಾದರೂ ಹೀಗಾಗಿತ್ತಾ, ಕುಡಿತ ಇದೆಯಾ, ಕಾಫಿ ಎಷ್ಟು. ಆಮೇಲೆ ಪಿಎಚ್‌ಕ್ಯೂ-9 ಅನ್ನುವ ಒಂದು ಪ್ರಶ್ನಾವಳಿ. ಒಂಬತ್ತು ಪ್ರಶ್ನೆ, ಕಳೆದ ಎರಡು ವಾರದ ಬಗ್ಗೆ. ಪ್ರತಿಯೊಂದಕ್ಕೆ 0ಯಿಂದ 3. ಒಟ್ಟು 27. ಹತ್ತು ಮುಟ್ಟಿದರೆ ಮಧ್ಯಮ ಮಟ್ಟದ ಖಿನ್ನತೆ ಇರಬಹುದು ಅಂತ ಲೆಕ್ಕ, 20 ಮುಟ್ಟಿದರೆ ತೀವ್ರ. ನನ್ನದು ಮಧ್ಯಮದಲ್ಲಿ ಬಂತು. ಒಂಬತ್ತನೇ ಪ್ರಶ್ನೆ ಸಾವಿನ ಯೋಚನೆಯ ಬಗ್ಗೆ. ಸೊನ್ನೆ ಹಾಕಿದ್ದೆ. ಆದರೂ ಅವರು ಪೆನ್ನು ಕೆಳಗಿಟ್ಟು, ಮುಖ ನೋಡಿ, ಬಾಯಿಬಿಟ್ಟು ಅದನ್ನೇ ಇನ್ನೊಮ್ಮೆ ಕೇಳಿದರು. ಹಾಗೆ ನೇರವಾಗಿ ಕೇಳುವುದರಿಂದ ತಲೆಯಲ್ಲಿ ಇಲ್ಲದ ಯೋಚನೆ ಹುಟ್ಟುವುದಿಲ್ಲ, ಇದ್ದವರಿಗೆ ಹೇಳಿಕೊಳ್ಳಲು ದಾರಿಯಾಗುತ್ತದೆ ಅಂತ ಆಮೇಲೆ ಹೇಳಿದರು.

‘ಇದು ಬರ್ನ್‌ಔಟಾ ಮೇಡಂ?’ ಅಂತ ನಾನೇ ಕೇಳಿದೆ. ಇಂಟರ್ನೆಟ್ಟಿನಲ್ಲಿ ಓದಿದ್ದೆನಲ್ಲ. ಅಷ್ಟರಲ್ಲಿ ಬಂದಿದ್ದ ಹಿರಿಯ ವೈದ್ಯರು ನಕ್ಕರು. ವಿಶ್ವ ಆರೋಗ್ಯ ಸಂಸ್ಥೆ ಐಸಿಡಿ-11 ಅನ್ನುವ ತನ್ನ ಕಾಯಿಲೆಗಳ ಪಟ್ಟಿಯಲ್ಲಿ ಬರ್ನ್‌ಔಟ್ ಸೇರಿಸಿದೆಯಂತೆ, ಆದರೆ ಕಾಯಿಲೆ ಅಂತ ಅಲ್ಲ, ಕೆಲಸದ ಜಾಗದಲ್ಲಿ ಉಂಟಾಗುವ ಸ್ಥಿತಿ ಅಂತ. ಅದರ ಗುರುತು ಮೂರು. ಶಕ್ತಿ ಬತ್ತಿದ ಹಾಗೆ ಆಗುವುದು, ಕೆಲಸದ ಬಗ್ಗೆ ಮನಸ್ಸು ದೂರ ಸರಿದು ತಿರಸ್ಕಾರ ಬರುವುದು, ಮಾಡಿದ ಕೆಲಸ ಸರಿಯಾಗುತ್ತಿಲ್ಲ ಅನಿಸುವುದು. ‘ನಿಮಗ ಮೂರೂ ಅದಾವ. ಆದ್ರ ಅದು ಅಲ್ಲಿಗೇ ನಿಂತಿಲ್ಲ. ಮನೆಗೂ ಬಂದದ, ಮಗನ ಜೊತೆಗೂ ಬಂದದ, ರಜಾ ದಿನಕ್ಕೂ ಬಂದದ. ಅದಕ್ಕ ಔಷಧ ಕೊಡತೇವಿ’ ಅಂದರು. ಕೆಲಸ ಬಿಟ್ಟರೆ ಎಲ್ಲಾ ಸರಿಹೋಗುತ್ತದೆ ಅಂತ ಗೆಳತಿಯರು ಹೇಳಿದ್ದರು. ಅಷ್ಟು ಸರಳವಲ್ಲ ಅಂತ ಅಲ್ಲಿ ಗೊತ್ತಾಯಿತು.

ನಿದ್ದೆ ಮಾತ್ರೆ ಸಿಗುತ್ತದೆ ಅಂತ ಹೋಗಿದ್ದೆ. ಅವರು ಅದನ್ನು ಕೆಲವೇ ದಿನಕ್ಕೆ, ಕೈ ಬಿಗಿ ಹಿಡಿದು ಬರೆದರು. ಅಭ್ಯಾಸವಾದರೆ ಬಿಡಿಸುವುದು ಕಷ್ಟ. ಮುಖ್ಯ ಔಷಧ ಖಿನ್ನತೆಗೆ ಕೊಡುವ, ಎಸ್‌ಎಸ್‌ಆರ್‌ಐ ಗುಂಪಿನ ಮಾತ್ರೆ. ಇದರ ಬಗ್ಗೆ ಒಂದು ಮಾತು ಹೇಳಲೇಬೇಕು. ಅದರ ಪರಿಣಾಮ ಗೊತ್ತಾಗಲು ಎರಡರಿಂದ ನಾಲ್ಕು ವಾರ ಬೇಕು, ಕೆಲವರಿಗೆ ಇನ್ನೂ ಜಾಸ್ತಿ. ಆದರೆ ವಾಕರಿಕೆ, ತಲೆಭಾರ ಮೊದಲ ವಾರದಲ್ಲೇ ಬರುತ್ತದೆ. ಅಂದರೆ ಮೊದಲು ತೊಂದರೆ ಕಾಣುತ್ತದೆ, ಉಪಯೋಗ ಆಮೇಲೆ. ಅಲ್ಲೇ ಬಹಳ ಜನ ಬಿಟ್ಟುಬಿಡುತ್ತಾರೆ ಅಂತ ಮೊದಲೇ ಎಚ್ಚರಿಸಿದ್ದರು. ಹಾಗಾಗಿ ನಾನು ಬಿಡಲಿಲ್ಲ. ಚೆನ್ನಾಗಿದೆ ಅನಿಸಿದ ಮೇಲೂ ಕನಿಷ್ಠ ಆರು ತಿಂಗಳು ಮುಂದುವರಿಸಬೇಕು, ನಿಲ್ಲಿಸುವಾಗ ಡಾಕ್ಟರ್ ಹೇಳಿದಂತೆ ನಿಧಾನಕ್ಕೆ ಇಳಿಸಬೇಕು.

ನಿಜವಾಗಿ ನನ್ನ ಕಥೆ ತಿರುಗಿದ್ದು ಮಾತ್ರೆಯಿಂದಲ್ಲ, ಒಂದು ಇನ್ನೂರು ಪುಟದ ನೋಟ್‌ಬುಕ್‌ನಿಂದ. ಮನಶ್ಶಾಸ್ತ್ರಜ್ಞೆಯ ಹತ್ತಿರ ಕಳಿಸಿದ್ದರು. ಅವರು ನಿದ್ದೆಯ ಡೈರಿ ಬರೆಯಿರಿ ಅಂದರು. ಎಷ್ಟಕ್ಕೆ ಮಲಗಿದೆ, ಎಷ್ಟಕ್ಕೆ ನಿದ್ದೆ ಬಂತು, ಎಷ್ಟು ಸಲ ಎದ್ದೆ. ಅದರ ಪಕ್ಕದಲ್ಲಿ ಇನ್ನೆರಡು ಕಾಲಂ ಹಾಕಿ ಅಂದರು. ಒಂದರಲ್ಲಿ ಆಫೀಸಿನ ಕೆಲಸ, ಇನ್ನೊಂದರಲ್ಲಿ ಮನೆಯ ಕೆಲಸ. ಫೋನಿನಲ್ಲಿ ಉತ್ತರಿಸಿದ ಒಂದು ಮೆಸೇಜೂ ಬಿಡುವಂತಿಲ್ಲ.

ಬರೆದೆ. ಆಫೀಸಿನ ಕಾಲಂ ಕೂಡಿಸಿದರೆ ಯಾವ ವಾರವೂ 55 ಗಂಟೆಗಿಂತ ಕಡಿಮೆ ಇರಲಿಲ್ಲ. ಈ 55 ಅನ್ನುವ ಸಂಖ್ಯೆಗೆ ಒಂದು ಅರ್ಥವಿದೆ. ವಿಶ್ವ ಆರೋಗ್ಯ ಸಂಸ್ಥೆ ಮತ್ತು ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ ಸೇರಿ 2021ರಲ್ಲಿ ಒಂದು ಅಧ್ಯಯನ ಪ್ರಕಟಿಸಿದವು. ವಾರಕ್ಕೆ 35ರಿಂದ 40 ಗಂಟೆ ದುಡಿಯುವವರಿಗೆ ಹೋಲಿಸಿದರೆ 55 ಅಥವಾ ಅದಕ್ಕಿಂತ ಹೆಚ್ಚು ದುಡಿಯುವವರಿಗೆ ಪಾರ್ಶ್ವವಾಯುವಿನ ಅಪಾಯ 35 ಶೇಕಡಾ ಜಾಸ್ತಿ. ಹೃದಯದ ರಕ್ತನಾಳದ ಕಾಯಿಲೆಯಿಂದ ಸಾಯುವ ಅಪಾಯ 17 ಶೇಕಡಾ ಜಾಸ್ತಿ.

ಮನೆಯ ಕೆಲಸದ ಕಾಲಂ ನೋಡಿ ಸುಮ್ಮನಾದವರು ನನ್ನ ಗಂಡ. ಕೇಂದ್ರ ಸರ್ಕಾರದ 2024ರ ಸಮಯ ಬಳಕೆ ಸಮೀಕ್ಷೆಯ ಪ್ರಕಾರ ಮನೆಗೆಲಸ ಮಾಡುವ ಹೆಂಗಸರು ಅದಕ್ಕೆ ದಿನಕ್ಕೆ 289 ನಿಮಿಷ ಕೊಡುತ್ತಾರೆ, ಗಂಡಸರು 88 ನಿಮಿಷ. ನಮ್ಮ ಮನೆಯ ಲೆಕ್ಕ ಸರ್ಕಾರದ ಲೆಕ್ಕಕ್ಕಿಂತ ಬಹಳ ಬೇರೆ ಇರಲಿಲ್ಲ. ಅತ್ತೆ ಇರದಿದ್ದರೆ ಇನ್ನೂ ಕೆಟ್ಟದಾಗಿರುತ್ತಿತ್ತು. ಜಗಳ ಆಗಲಿಲ್ಲ. ಬೆಳಗಿನ ಡಬ್ಬಿ, ಮಗನ ಶಾಲೆ ಅವರ ಪಾಲಿಗೆ ಹೋಯಿತು. ಡಬ್ಬಿಯಲ್ಲಿ ಈಗ ಅವಲಕ್ಕಿ ಜಾಸ್ತಿ, ಅದೂ ಉಪ್ಪು ಕಡಿಮೆ. ಮಗ ದೂರು ಹೇಳುವುದನ್ನು ಬಿಟ್ಟಿದ್ದಾನೆ.

ನಿದ್ದೆಗೆ ಕೊಟ್ಟ ಸೂಚನೆಗಳು ಕೇಳಲು ಸಣ್ಣವು. ಹಾಸಿಗೆಯ ಮೇಲೆ ಲ್ಯಾಪ್‌ಟಾಪ್ ಬೇಡ, ಅಲ್ಲಿ ನಿದ್ದೆ ಮಾತ್ರ. ನಿದ್ದೆ ಬರದಿದ್ದರೆ ಇಪ್ಪತ್ತು ನಿಮಿಷಕ್ಕೆ ಎದ್ದುಬಿಡಿ, ಹೊರಳಾಡಬೇಡಿ. ಕೆಫೀನ್ ಅರ್ಧ ಇಳಿಯಲು ಸುಮಾರು ಐದು ಗಂಟೆ ಬೇಕು, ಆದ್ದರಿಂದ ಪಾಳಿಯ ಎರಡನೇ ಅರ್ಧದಲ್ಲಿ ಚಹಾ ಬೇಡ. ರಾತ್ರಿ ಪಾಳಿ ಇರುವವರೆಗೆ ರಜೆಯ ದಿನವೂ ಕನಿಷ್ಠ ನಾಲ್ಕು ಗಂಟೆ ಅದೇ ಹೊತ್ತಿಗೆ ಮಲಗಿ. ಕೋಣೆಗೆ ಬೆಳಕು ಬರಬಾರದು. ದುರ್ಗದಬೈಲಿನಲ್ಲಿ ದಪ್ಪ ಕಪ್ಪು ಬಟ್ಟೆ ತಂದು, ಓಣಿಯ ದರ್ಜಿಯ ಹತ್ತಿರ ಪರದೆ ಹೊಲಿಸಿದೆ. ‘ಫೋಟೋ ಸ್ಟುಡಿಯೋ ಮಾಡ್ತೀರೇನ್ರಿ?’ ಅಂದ. ಉಳ್ಳಾಗಡ್ಡಿ ಟೆಂಪೋಗೆ ಮಾತ್ರ ಪರದೆ ಇಲ್ಲ. ಅದಕ್ಕೆ ಕಿವಿಗೆ ಸ್ಪಂಜಿನ ಬಿರಡೆ.

ಇವೆಲ್ಲದರಿಂದ ಸ್ವಲ್ಪ ಚೇತರಿಕೆ ಆಯಿತು. ಆದರೆ ಒಂದು ಹಂತಕ್ಕೆ ಬಂದು ನಿಂತಿತು. ಮನಶ್ಶಾಸ್ತ್ರಜ್ಞೆ ಡೈರಿ ತಿರುವಿ, ‘ನೀವು ಬದಲಾಗಬೇಕಾದದ್ದು ಆಗಿದೆ. ಉಳಿದದ್ದು ನಿಮ್ಮ ಕಂಪನಿಯ ಟೈಮ್‌ಟೇಬಲ್’ ಅಂದರು.

ಕಂಪನಿಯಲ್ಲಿ ಕ್ಷೇಮಕ್ಕೇನೂ ಬರ ಇರಲಿಲ್ಲ, ಗೊತ್ತಾ? ವೆಲ್‌ನೆಸ್ ಆ್ಯಪ್ ಇತ್ತು. ನೀರು ಕುಡಿದರೆ ಅದರಲ್ಲಿ ಗಿಡ ಬೆಳೆಯುತ್ತದೆ. ತಿಂಗಳಿಗೊಮ್ಮೆ ಉಸಿರಾಟದ ವೆಬಿನಾರ್. ಅದನ್ನು ಹಗಲು ಪಾಳಿಯವರ ಅನುಕೂಲಕ್ಕೆ ಮಧ್ಯಾಹ್ನ ಇಡುತ್ತಿದ್ದರು. ನಾನು ಅದಕ್ಕೆ ಹಾಜರಾಗಬೇಕಾದರೆ ನಿದ್ದೆ ಬಿಟ್ಟು ಏಳಬೇಕು. ಉಸಿರಾಟ ಕೆಟ್ಟದ್ದು ಅಂತ ನಾನು ಹೇಳುತ್ತಿಲ್ಲ, ಪ್ರಾಣಾಯಾಮ ನನಗೂ ಹಿಡಿಸುತ್ತದೆ. ಆದರೆ ಎಲ್ಲಾ ಕಾರ್ಯಕ್ರಮವೂ ನೌಕರನನ್ನೇ ರಿಪೇರಿ ಮಾಡಲು ನೋಡುತ್ತಿತ್ತು. ಯಾರಿಗೆ ಯಾವ ಪಾಳಿ ಅಂತ ಹೇಳುವ ರೋಸ್ಟರ್ ಅನ್ನುವ ಎಕ್ಸೆಲ್ ಹಾಳೆಯನ್ನು ಯಾರೂ ಮುಟ್ಟುತ್ತಿರಲಿಲ್ಲ.

ಎಚ್‌ಆರ್‌ಗೆ, ಅಂದರೆ ಕಂಪನಿಯ ಸಿಬ್ಬಂದಿ ವಿಭಾಗಕ್ಕೆ, ಬರೆಯುವ ಮೊದಲು ಧಾರವಾಡ ಹೈಕೋರ್ಟ್ ಪೀಠದಲ್ಲಿ ವಕೀಲಿ ಮಾಡುವ ಗೆಳತಿಯನ್ನು ಕೇಳಿದೆ. ಲೈನ್ ಬಜಾರಿನಲ್ಲಿ ಸಿಕ್ಕಳು, ಫೇಡೆ ಕೊಳ್ಳುವ ಸಾಲಿನಲ್ಲಿ ನಿಂತೇ ಪಾಠ ಮಾಡಿದಳು. ಐಟಿ ಕಂಪನಿಗಳಿಗೂ ಕರ್ನಾಟಕ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ ಅನ್ವಯವಾಗುತ್ತದೆ. 1961ರ ಕಾಯ್ದೆ. ಅದರ ಪ್ರಕಾರ ದಿನಕ್ಕೆ 9 ಗಂಟೆ, ವಾರಕ್ಕೆ 48 ಗಂಟೆ. ಓವರ್‌ಟೈಮ್ ಸೇರಿ ದಿನಕ್ಕೆ 10. ಮೂರು ತಿಂಗಳಲ್ಲಿ ಓವರ್‌ಟೈಮ್ 50 ಗಂಟೆ ದಾಟುವಂತಿಲ್ಲ, ಅದಕ್ಕೆ ಎರಡು ಪಟ್ಟು ಸಂಬಳ. ವಾರಕ್ಕೊಂದು ರಜೆ. ಕಾಯಿಲೆ ರಜೆ ವರ್ಷಕ್ಕೆ 12 ದಿನ. ಈ ಮಿತಿಗಳನ್ನು ಸಡಿಲಿಸುವ ಪ್ರಸ್ತಾಪಗಳು ಬರುತ್ತಲೇ ಇವೆ. 2024ರಲ್ಲಿ ಐಟಿಗೆ ದಿನಕ್ಕೆ 14 ಗಂಟೆಯ ಮಾತು ಬಂತು, ನೌಕರರ ಸಂಘ ಜೋರಾಗಿ ವಿರೋಧಿಸಿತು. 2025ರಲ್ಲಿ 9ನ್ನು 10 ಮಾಡುವ ಪ್ರಸ್ತಾಪ ಬಂತು.

‘ಆದ್ರ ಒಂದು ಕಿಂಡಿ ಐತಿ’ ಅಂದಳು. ಮ್ಯಾನೇಜ್‌ಮೆಂಟ್ ಹುದ್ದೆಯಲ್ಲಿ ಇರುವವರಿಗೆ ಈ ಕಾಯ್ದೆ ಅನ್ವಯಿಸುವುದಿಲ್ಲ. ‘ನಿನ್ನ ಹೆಸರಿನ ಮುಂದ ಲೀಡ್ ಅಂತ ಐತಲ್ಲ, ಅವರು ಅದನ್ನ ಹಿಡೀತಾರ ನೋಡು.’

ಇನ್ನೊಂದು ಭಯ ಇತ್ತು. ಡಾಕ್ಟರ್ ಚೀಟಿಯಲ್ಲಿ ಕಾಯಿಲೆಯ ಹೆಸರು ಇದ್ದರೆ? ನಾಳೆ ಪ್ರಮೋಷನ್ ಹೊತ್ತಿಗೆ ಅದನ್ನು ಯಾರೋ ತೆಗೆದು ನೋಡಿದರೆ? ಇದನ್ನು ಡಿಮ್ಹಾನ್ಸ್‌ನಲ್ಲಿ ಕೇಳಿದೆ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯಲ್ಲಿ ರೋಗಿಯ ಮಾಹಿತಿ ಗುಟ್ಟಾಗಿ ಇರಿಸಿಕೊಳ್ಳುವ ಹಕ್ಕಿದೆ. ಸರ್ಟಿಫಿಕೇಟಿನಲ್ಲಿ ಇಷ್ಟೇ ಬರೆದರು: ಚಿಕಿತ್ಸೆಯಲ್ಲಿದ್ದಾರೆ, ಮೂರು ತಿಂಗಳು ರಾತ್ರಿ ಪಾಳಿ ಬೇಡ, ಸತತ ಏಳು ಗಂಟೆ ನಿದ್ದೆಗೆ ಅವಕಾಶವಿರಬೇಕು. ಕಂಪನಿಗೆ ಬೇಕಾದದ್ದು ಅಷ್ಟೇ ತಾನೇ? ಅದೇ ಕಾಯ್ದೆ ಬೇರೆ ಕಾಯಿಲೆಗಳಿಗೆ ಇರುವಂತೆಯೇ ಮಾನಸಿಕ ಕಾಯಿಲೆಗೂ ವಿಮೆ ಕೊಡಬೇಕು ಅನ್ನುತ್ತದೆ. ಆದರೆ ನಮ್ಮ ಕಂಪನಿಯ ಪಾಲಿಸಿ ಆಸ್ಪತ್ರೆಗೆ ಸೇರಿದರೆ ಮಾತ್ರ. ಒಪಿಡಿಗೆ ಹೋಗಿ ಬರುವ ನನ್ನಂಥವರಿಗೆ ಅದರಿಂದ ಪ್ರಯೋಜನ ಆಗಲಿಲ್ಲ.

ಪತ್ರದ ಮೊದಲ ಕರಡಿನಲ್ಲಿ ‘ನನಗೆ ತುಂಬಾ ಒತ್ತಡ ಆಗಿದೆ’ ಅಂತ ಎರಡು ಪುಟ ಇತ್ತು. ಗಂಡ ಬ್ಯಾಂಕಿನವರು, ಕೆಂಪು ಪೆನ್ನು ಹಿಡಿದು ಎಲ್ಲಾ ಹೊಡೆದು ಹಾಕಿದರು. ಉಳಿದದ್ದು ಅರ್ಧ ಪುಟ. ಹಿಂದಿನ ತಿಂಗಳು ಪ್ರತಿ ದಿನ ಲಾಗಿನ್ ಆದ ಹೊತ್ತು, ಹಗಲಿನ ಮೀಟಿಂಗ್‌ಗಳು, ಎರಡು ಪಾಳಿಯ ನಡುವೆ ಸಿಕ್ಕ ಬಿಡುವು. ಡಾಕ್ಟರ್ ಸರ್ಟಿಫಿಕೇಟ್. ನಾನು ಕೇಳುವುದು: ಮೂರು ತಿಂಗಳು ಲಂಡನ್ ಗ್ರಾಹಕರ ಪಾಳಿ. ರಾತ್ರಿ ಪಾಳಿಯ ಯಾರಿಗೂ ಮಧ್ಯಾಹ್ನ 2ರ ಒಳಗೆ ಮೀಟಿಂಗ್ ಬೇಡ. ಬಿಡುವಿನಲ್ಲಿ ತುರ್ತು ಕರೆ ಬಂದರೆ ತೆಗೆಯುವವರ ಪಟ್ಟಿ ಮೊದಲೇ ಹಾಕಿ, ಎಲ್ಲರಿಗೂ ಎಲ್ಲಾ ದಿನ ಬೇಡ.

ಮೊದಲ ಕರೆಯಲ್ಲಿ ಎಚ್‌ಆರ್ ಹುಡುಗಿ ‘ನೀವು ನಮ್ಮ ವೆಲ್‌ನೆಸ್ ಆ್ಯಪ್ ಬಳಸಿದ್ದೀರಾ?’ ಅಂತ ಕೇಳಿದಳು. ಪಾಪ, ಅವಳಿಗೆ ಕೊಟ್ಟ ಪಟ್ಟಿಯಲ್ಲಿ ಅದೇ ಮೊದಲ ಪ್ರಶ್ನೆ ಇರಬೇಕು. ಎರಡನೇ ಸಲ ಅವಳ ಮೇಲಿನವರು ಬಂದರು. ವಕೀಲೆ ಹೇಳಿದಂತೆಯೇ ಆಯಿತು. ‘ನೀವು ಲೀಡ್, ನಿಮಗೆ ಗಂಟೆಯ ಲೆಕ್ಕ ಬರುವುದಿಲ್ಲ’ ಅಂದರು. ನನಗೆ ಒಬ್ಬರನ್ನು ನೇಮಿಸುವ ಅಧಿಕಾರ ಇಲ್ಲ, ಒಂದು ದಿನದ ರಜೆ ಮಂಜೂರು ಮಾಡುವ ಅಧಿಕಾರ ಇಲ್ಲ, ನಾನೂ ಟಿಕೆಟ್ ಮಾಡುತ್ತೇನೆ. ಇದು ಹೇಗೆ ಮ್ಯಾನೇಜ್‌ಮೆಂಟ್ ಹುದ್ದೆ ಆಗುತ್ತದೆ ಅಂತ ಬರಹದಲ್ಲಿ ತಿಳಿಸಿ ಅಂದೆ. ಬರಹದಲ್ಲಿ ಏನೂ ಬರಲಿಲ್ಲ. ಆದರೆ ಮುಂದಿನ ಮಾತುಕತೆ ಕಾಯ್ದೆ ಬಿಟ್ಟು ರೋಸ್ಟರಿಗೆ ಬಂತು. ನನಗೆ ಬೇಕಿದ್ದದ್ದೂ ಅದೇ.

ಈ ಮಧ್ಯೆ ಮನೆಯಲ್ಲಿ ಒಂದು ಭಾನುವಾರ ಗಂಡನ ಸೋದರಮಾವ ಬಂದಿದ್ದರು. 2023ರಲ್ಲಿ ನಾರಾಯಣ ಮೂರ್ತಿಯವರು ಯುವಕರು ವಾರಕ್ಕೆ 70 ಗಂಟೆ ದುಡಿಯಬೇಕು ಅಂದಿದ್ದರಲ್ಲ, ಅದನ್ನೇ ತೆಗೆದರು. ಸುಧಾ ಮೂರ್ತಿಯವರು ಶಿಗ್ಗಾವಿಯಲ್ಲಿ ಹುಟ್ಟಿ ಹುಬ್ಬಳ್ಳಿಯ ಬಿವಿಬಿ ಕಾಲೇಜಿನಲ್ಲಿ ಇಂಜಿನಿಯರಿಂಗ್ ಓದಿದವರು. ಹಾಗಾಗಿ ನಮ್ಮ ಕಡೆ ನಾರಾಯಣ ಮೂರ್ತಿ ಅಂದರೆ ಊರ ಅಳಿಯ. ಅಳಿಯನ ಮಾತಿಗೆ ಎದುರಾಡುವುದು ಕಷ್ಟ. 2025ರಲ್ಲಿ ಎಲ್ ಅಂಡ್ ಟಿ ಕಂಪನಿಯ ಅಧ್ಯಕ್ಷರು ಅದನ್ನು 90ಕ್ಕೆ ಏರಿಸಿದ್ದನ್ನೂ ಅವರು ಸೇರಿಸಿದರು. ನಮ್ಮ ಅತ್ತೆ ರೊಟ್ಟಿ ಬಡಿಯುತ್ತಾ, ‘ತೊಂಬತ್ತು ತಾಸು ದುಡಿಯಾಂವಗ ಯಾರರೆ ರೊಟ್ಟಿ ಮಾಡಿ ಹಾಕ್ಬೇಕಲ್ಲ. ಆ ತಾಸು ಯಾರ ಲೆಕ್ಕಕ್ಕ?’ ಅಂದರು. ಮಾವ ಇನ್ನೊಂದು ರೊಟ್ಟಿ ಹಾಕಿಸಿಕೊಂಡು ವಿಷಯ ಬದಲಿಸಿದರು.

ಲಂಡನ್ ಪಾಳಿ ಸಿಕ್ಕಿತು. ಅವರ ಬೆಳಗಿನ 9 ನಮಗೆ ಬೇಸಿಗೆಯಲ್ಲಿ ಮಧ್ಯಾಹ್ನ 1:30. ರಾತ್ರಿ 10:30ಕ್ಕೆ ಮುಗಿಯುತ್ತದೆ. ತಂಡದ ಬೇರೆ ರಾತ್ರಿ ಪಾಳಿಯವರಿಗೂ ಬೆಳಗಿನ ಮೀಟಿಂಗ್ ನಿಂತಿತು, ವರದಿಯನ್ನು ಈಗ ಬರೆದು ಇಡುತ್ತಾರೆ. ಬರೆದ ವರದಿ ಓದಲು ಮ್ಯಾನೇಜರಿಗೆ ಐದು ನಿಮಿಷ ಸಾಕು ಅಂತ ಅವರೇ ಹೇಳಿದ್ದು ಕೇಳಿ ನನಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ತುರ್ತು ಕರೆಯ ಪಟ್ಟಿ ಮಾತ್ರ ಇನ್ನೂ ಅರ್ಧಂಬರ್ಧ.

ಪುಕ್ಕಟೆ ಸಿಗಲಿಲ್ಲ. ರಾತ್ರಿ ಪಾಳಿಯ ಭತ್ಯೆ ಹೋಯಿತು. ಮನೆ ಸಾಲದ ಕಂತಿಗೆ ಅದು ಆಧಾರವಾಗಿತ್ತು, ಈಗ ಬೇರೆ ಕಡೆ ಹಿಡಿತ ಮಾಡಬೇಕು. ವರ್ಷದ ರೇಟಿಂಗ್ ಒಂದು ಮೆಟ್ಟಿಲು ಇಳಿಯಿತು. ‘ಫ್ಲೆಕ್ಸಿಬಿಲಿಟಿ ಕಡಿಮೆ’ ಅಂತ ಕಾರಣ. ನನ್ನ ಅಭಿಪ್ರಾಯದಲ್ಲಿ ಇದು ಅನ್ಯಾಯ, ಅದನ್ನು ಬರೆದೂ ಕೊಟ್ಟಿದ್ದೇನೆ. ತಂಡದಲ್ಲಿ ಒಬ್ಬಿಬ್ಬರಿಗೆ ನನ್ನ ಮೇಲೆ ಸಿಟ್ಟಿದೆ, ಯಾಕಂದರೆ ನನ್ನ ರಾತ್ರಿಗಳು ಅವರಿಗೆ ಹಂಚಿಕೆಯಾದವು. ಅವರ ಸಿಟ್ಟು ತಪ್ಪಲ್ಲ. ಜನ ಕಡಿಮೆ ಇರುವ ತಂಡದಲ್ಲಿ ಒಬ್ಬಳಿಗೆ ಕೊಟ್ಟ ಬಿಡುವು ಇನ್ನೊಬ್ಬಳ ಹೆಗಲಿಗೆ ಹೋಗುತ್ತದೆ. ಇದಕ್ಕೆ ಪರಿಹಾರ ಇನ್ನಿಬ್ಬರನ್ನು ನೇಮಿಸುವುದು. ಆ ಮಾತು ಬಂದಾಗ ಮೀಟಿಂಗಿನಲ್ಲಿ ಎಲ್ಲರ ಮೈಕ್ ಮ್ಯೂಟ್ ಆಗುತ್ತದೆ.

ಬೆಳಗ್ಗೆ ಈಗ ಉಣಕಲ್ ಕೆರೆಗೆ ಹೋಗುತ್ತೇನೆ. ಇದೂ ಚಿಕಿತ್ಸೆಯದೇ ಭಾಗ. ಮನಸ್ಸು ಬಂದಾಗ ಹೋಗುತ್ತೇನೆ ಅನ್ನಬೇಡಿ, ಹೋದ ಮೇಲೆ ಮನಸ್ಸು ಬರುತ್ತದೆ, ವಾರದ ಪಟ್ಟಿಯಲ್ಲಿ ಬರೆದು ಇಡಿ ಅಂತ ಮನಶ್ಶಾಸ್ತ್ರಜ್ಞೆ ಹೇಳಿದ್ದರು. ಬೆಳಗಿನ ಬಿಸಿಲು ಕಣ್ಣಿಗೆ ಬಿದ್ದರೆ ಮೈಯೊಳಗಿನ ಗಡಿಯಾರ ಸರಿದಾರಿಗೆ ಬರುತ್ತದಂತೆ. ಮೊದಮೊದಲು ಕಾಲು ಎಳೆದುಕೊಂಡು ಹೋದೆ, ಏನೂ ಅನಿಸಲಿಲ್ಲ. ಮಾತ್ರೆ ಹಿಡಿದ ಮೇಲೆ ಒಂದು ದಿನ ಗಿರ್ಮಿಟ್ ವಾಸನೆಗೆ ಹಸಿವಾಯಿತು. ತಿಂದೆ, ಮಿರ್ಚಿಯನ್ನೂ ತಿಂದೆ. ಡಾಕ್ಟರಿಗೆ ಹೇಳಿದಾಗ ಅವರು ಅದನ್ನು ಗಂಭೀರವಾಗಿ ಚೀಟಿಯಲ್ಲಿ ಬರೆದುಕೊಂಡರು. ಹಸಿವು ಬಂದಿದೆ, ಅಂತ.

ಮಾತ್ರೆ ಈಗ ಇಳಿಸುತ್ತಿದ್ದಾರೆ, ನಿಧಾನಕ್ಕೆ. ಮೂರು ತಿಂಗಳ ಸರ್ಟಿಫಿಕೇಟ್ ಮುಗಿದು, ಇನ್ನೊಮ್ಮೆ ಮುಂದುವರಿದು, ಅದೂ ಮುಗಿದಿದೆ. ಕಂಪನಿ ಈಗ ತಿಂಗಳಿಗೆ ಒಂದು ವಾರ ರಾತ್ರಿ ಪಾಳಿ ಮಾಡಿ ಅನ್ನುತ್ತಿದೆ. ನಾನು ಆಗುವುದಿಲ್ಲ ಅಂದಿಲ್ಲ. ಪಾಳಿ ಬದಲಾದರೆ ಮುಂದಕ್ಕೆ ಸರಿಯಬೇಕು, ಹಗಲಿಂದ ಸಂಜೆಗೆ, ಸಂಜೆಯಿಂದ ರಾತ್ರಿಗೆ. ಹಿಂದಕ್ಕೆ ಸರಿದರೆ ದೇಹಕ್ಕೆ ಜಾಸ್ತಿ ಕಷ್ಟ. ಆ ವಾರ ಮುಗಿದ ಮೇಲೆ ಎರಡು ದಿನ ಪೂರ್ತಿ ಬಿಡುವು ಬೇಕು. ಭತ್ಯೆ ಬೇಕು. ಮತ್ತೆ ಈ ಷರತ್ತು ನನಗೊಬ್ಬಳಿಗಲ್ಲ, ರೋಸ್ಟರಿನಲ್ಲಿ ಇರುವ ಎಲ್ಲರಿಗೂ ಇರಬೇಕು. ಇಷ್ಟನ್ನೂ ಮೇಲ್ ಮಾಡಿದ್ದೇನೆ. ನೋಟ್‌ಬುಕ್ಕಿನ ಪುಟಗಳನ್ನು ಸ್ಕ್ಯಾನ್ ಮಾಡಿ ಜೊತೆಗೆ ಇಟ್ಟಿದ್ದೇನೆ. ಸಿಟ್ಟಿದ್ದ ಇಬ್ಬರಲ್ಲಿ ಒಬ್ಬಳು ಹಾವೇರಿಯ ಹುಡುಗಿ. ಮೊನ್ನೆ ಫೋನ್ ಮಾಡಿ, ‘ಅಕ್ಕಾ, ಆ ಮೂರು ಕಾಲಂ ಹೆಂಗ ಹಾಕಿದ್ದಿ, ನನಗೂ ಕಳಸು’ ಅಂದಳು. ಕಳಿಸಿದೆ. ಎಚ್‌ಆರ್‌ನಿಂದ ಉತ್ತರ ಇನ್ನೂ ಬಂದಿಲ್ಲ.